ಆರ್ಡಿಸಳ ನಾಯಿ

ನಾಯಿ ಆಗಲೇ ಬಹಳ ಮುಂದೆ ಹೋಗಿಬಿಟ್ಟಿತ್ತು. ಸೊಂಟದೆತ್ತರದ ಒಣಹುಲ್ಲಿನಲ್ಲಿ ಅದರ ಬಿಳಿ ಬೆನ್ನು ಒಮ್ಮೆ ಕಂಡು ಮರೆಯಾಯಿತು. ಮರುಗಳಿಗೆಗೆ, ಬಂದೂಕಿಗೆ ಎಟುಕದಷ್ಟು ದೂರದಲ್ಲಿ ಫೆಸೆಂಟ್ ಹಕ್ಕಿಗಳು ಪಟಪಟನೆ ಎದ್ದು, ಗಾಳಿಗೆ ಸಿಕ್ಕಿ ಓರೆಯಾಗಿ, ರಸ್ತೆಯಾಚೆಯ ಮರಸಾಲಿನತ್ತ ಹೋದವು. ಲೋವೆಲ್ ಸೀಟಿ ಊದಿದ. ಗಾಳಿ ಬೆನ್ನಿಗಿತ್ತು, ಸದ್ದು ನಾಯಿಗೆ ಕೇಳಿಸದಿರಲು ಕಾರಣವೇ ಇರಲಿಲ್ಲ. ಅದು ತಿರುಗಿಯೂ ನೋಡಲಿಲ್ಲ.

"ನೋಡಿದ್ಯಾ? ಇದಕ್ಕೇ ಹೇಳಿದ್ದು, ಬ್ರೆಕೆ ತಗೊಂಡು ಹೋಗ್ಲಿ ಅಂತ," ಎಂದ.

ಮಗಳು ಮೆರಿಲ್ ನಾಯಿ ಮರೆಯಾದ ಹುಲ್ಲಿನತ್ತಲೇ ನೋಡುತ್ತಿದ್ದಳು. ಪಿಪ್ ಅವಳ ಅಮ್ಮ ಆರ್ಡಿಸಳ ನಾಯಿ. ಮರಿಯಾಗಿದ್ದಾಗಿನಿಂದ ಅದನ್ನು ಪಳಗಿಸಿದವಳು, ಬೇಟೆಯಲ್ಲಿ ನಡೆಸಿದವಳು ಅವಳೇ. ಲೋವೆಲ್ ಮತ್ತು ಮೆರಿಲ್ ಬಂದೂಕು ಹಿಡಿದು ಅವಳ ಎರಡು ಬದಿಗೆ ನಡೆಯುತ್ತಿದ್ದರು, ಅಷ್ಟೆ. ಹೋದ ತಿಂಗಳು ಆರ್ಡಿಸ್ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತ ಕುಸಿದವಳು ಮತ್ತೆ ಏಳಲಿಲ್ಲ. ಮೆರಿಲ್ ಅತ್ತಿರಲಿಲ್ಲ. ಮಣ್ಣು ಮಾಡಿದ ದಿನ ಚರ್ಚಿನ ನೆಲಮಾಳಿಗೆಯಲ್ಲಿ ಬಂದವರಿಗೆಲ್ಲ ಕಾಫಿ ಬಗ್ಗಿಸಿದ್ದಳು. ತಟ್ಟೆಯಲ್ಲಿ ಹ್ಯಾಮ್ ಇಟ್ಟ ಬನ್ನುಗಳ ಅಂಚು ಒಣಗುತ್ತಿದೆಯಲ್ಲ ಎಂದಷ್ಟೇ ಅವಳಿಗೆ ಅನ್ನಿಸಿತ್ತು. ಸೋಮವಾರದಿಂದಲೇ ಶಾಲೆಯ ಬಸ್ಸು ಓಡಿಸಲು ಹೋಗಿದ್ದಳು. ಈಗ ಬೇಟೆಯ ಕಾಲ ಶುರುವಾಗಿತ್ತು. ಪ್ರತಿ ವರ್ಷ ಬರುತ್ತಿದ್ದರು, ಈ ವರ್ಷವೂ ಬಂದಿದ್ದರು. ಮಧ್ಯಾಹ್ನ ಪಕ್ಕದ ಹೊಲದ ಲೆಸ್ಟರ್ ಬ್ರೆಕೆ ಬಂದು ನಾಯಿಯನ್ನು ಕರೆದೊಯ್ಯುವುದೆಂದು ಮಾತಾಗಿತ್ತು.

"ಅಮ್ಮ ಹೀಗೆ ಗಾಳಿ ಬೆನ್ನಿಗೆ ಇಟ್ಕೊಂಡು ನಾಯೀನ ಬಿಡ್ತಾನೇ ಇರ್ಲಿಲ್ಲ, ಅದಕ್ಕೆ ಹಕ್ಕಿ ವಾಸನೆ ಸಿಗಲ್ಲ," ಎಂದಳು ಮೆರಿಲ್ ಕೊನೆಗೆ. "ಆ ಕಡೆಯಿಂದ ಸುತ್ತಿ ಬರೋಣ."

ಲೋವೆಲ್ ವಾದಿಸಲಿಲ್ಲ. ನಾಯಿ ತಾನಾಗಿ ಹಿಂತಿರುಗಿದ ಮೇಲೆ ಅದಕ್ಕೆ ಹಗ್ಗ ಹಾಕಿ, ಬೇಲಿಯಗುಂಟ ಹೊಲದ ಇನ್ನೊಂದು ತುದಿಗೆ ನಡೆದರು. ಅಲ್ಲಿಂದ ಗಾಳಿ ನೇರ ಮುಖಕ್ಕೆ ಬಡಿಯಿತು. ಕಣ್ಣಲ್ಲಿ ನೀರು ಬಂತು. ಅದು ಗಾಳಿಯ ನೀರೇ. ಮೆರಿಲ್ ಹಗ್ಗ ಬಿಚ್ಚಿದಳು.

ಈ ಸಲ ನಾಯಿ ದೂರ ಓಡಲಿಲ್ಲ. ಮೂಗನ್ನು ಗಾಳಿಗೆ ಒಡ್ಡಿ ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಮತ್ತೆ ಎಡಕ್ಕೆ. ಹುಲ್ಲು ಅದರ ಮೇಲೆ ಮುಚ್ಚಿಕೊಳ್ಳುತ್ತ ತೆರೆಯುತ್ತ ಇತ್ತು. ತಗ್ಗಿನ ಹತ್ತಿರ ಅದು ಸರ್ರನೆ ತಿರುಗಿ ನೆಲಕ್ಕೆ ಮೂಗಿಟ್ಟಿತು. ಮೋಟು ಬಾಲ ಜೋರಾಗಿ ಅಲ್ಲಾಡತೊಡಗಿತು. ಹಕ್ಕಿ ಹಾರದೆ ಹುಲ್ಲಿನ ಅಡಿಯಲ್ಲೇ ಓಡುತ್ತಿತ್ತು, ನಾಯಿ ಅದರ ಹಿಂದೆ. ಇನ್ನಷ್ಟು ಬಿಟ್ಟರೆ ಮತ್ತೆ ಕೈತಪ್ಪುವುದು ಖಂಡಿತ. ಲೋವೆಲ್ ಸೀಟಿ ಊದಿದ, ಮತ್ತೆ ಊದಿದ. ನಾಯಿ ನಿಲ್ಲಲಿಲ್ಲ.

"ಹುಪ್, ಪಿಪ್ಪೀ! ಹುಪ್!"

ಮೆರಿಲ್ ಯೋಚಿಸಿ ಕೂಗಿದ್ದಲ್ಲ. ನಾಯಿಯನ್ನು ಕೂರಿಸಲು ಅಮ್ಮ ಕೂಗುತ್ತಿದ್ದುದು ಹಾಗೆಯೇ. ಫೋನಿನಲ್ಲಿ ಅವಳನ್ನು ಆರ್ಡಿಸ್ ಎಂದೇ ತಿಳಿದು ಮಾತಾಡಿದವರು ಊರಲ್ಲಿ ಎಷ್ಟೋ ಜನರಿದ್ದರು. ನಾಯಿ ಥಟ್ಟನೆ ಕುಳಿತುಬಿಟ್ಟಿತು. ಅದರ ಮುಂದೆಯೇ ಒಂದು ಗಂಡು ಫೆಸೆಂಟ್ ಕರ್ಕಶವಾಗಿ ಕೂಗುತ್ತ ಎದ್ದು, ಗಾಳಿಗೆ ಎದುರಾಗಿ ಏರಲಾರದೆ ಗಾಳಿಯಲ್ಲೇ ನಿಂತಂತಾಗಿ, ಆಮೇಲೆ ಹೊರಳಿ ಇಬ್ಬರ ತಲೆಯ ಮೇಲೇ ಹಾದುಹೋಯಿತು. ಯಾರೂ ಗುಂಡು ಹಾರಿಸಲಿಲ್ಲ. ಲೋವೆಲ್ ಹಕ್ಕಿಯನ್ನು ನೋಡುತ್ತಿರಲಿಲ್ಲ; ಮಗಳನ್ನು ನೋಡುತ್ತಿದ್ದ.

ನಾಯಿ ಓಡಿ ಬಂತು. ಮೆರಿಲ್ ಬಗ್ಗಿ ಕೈ ಚಾಚಿದಳು. ಅದು ಅವಳನ್ನು ದಾಟಿ ಹೋಗಿ, ಯಾರನ್ನೋ ಹುಡುಕುವಂತೆ ಹಿಂದಿನ ಹುಲ್ಲನ್ನೆಲ್ಲ ಮೂಸಿ, ಬೇಲಿಯವರೆಗೂ ಹೋಗಿ ಅಲ್ಲಿ ನಿಂತಿತು.

"ಹಾಗೆ ಕೂಗಬೇಡ," ಎಂದ ಲೋವೆಲ್.

ಅವರು ಪಿಕಪ್ ಹತ್ತಿರ ಬರುವಾಗ ಬ್ರೆಕೆ ಬಂದಿದ್ದ. ಒಳ್ಳೆಯ ಮನುಷ್ಯ, ನಾಯಿಯನ್ನು ಒಯ್ಯುವ ಪಂಜರದೊಳಗೆ ಹೊಸ ಹುಲ್ಲು ಹಾಸಿ ತಂದಿದ್ದ. ಗಾಳಿ ಹೆಚ್ಚಾಯಿತೆಂದೂ, ದನಗಳನ್ನು ಒಳಗೆ ಕೂಡಬೇಕೆಂದೂ ಏನೇನೋ ಹೇಳಿದ. ಆಮೇಲೆ ತನ್ನ ಗಾಡಿಯ ಹಿಂಬಾಗಿಲು ಇಳಿಸಿ, ಪಂಜರ ತೆರೆದು ನಿಂತ. ಲೋವೆಲ್ ನಾಯಿಗೆ ಹತ್ತಲು ಹೇಳಿದ. ಅದು ನಾಲ್ಕೂ ಕಾಲು ಊರಿ ನಿಂತಿತು. ಕೊರಳಪಟ್ಟಿ ಹಿಡಿದೆಳೆದ, ಅದು ಜಲ್ಲಿಯ ಮೇಲೆ ಮಲಗಿಬಿಟ್ಟಿತು. ಲೋವೆಲ್ ಪಟ್ಟಿ ಬಿಟ್ಟು, ಎದ್ದು ನಿಂತು, ಮಗಳತ್ತ ತಿರುಗಿದ.

"ನೀನು ಹೇಳು. ನೀನು ಹೇಳಿದ್ರೆ ಹತ್ತುತ್ತೆ."

"ಈಗಷ್ಟೇ ಕೂಗಬೇಡ ಅಂದ್ಯಲ್ಲಪ್ಪ."

"ಇದೊಂದು ಸಲ."

ಮೆರಿಲ್ ಬಂದೂಕಿನ ನಳಿಗೆಯನ್ನು ಮಡಚಿ ಗುಂಡುಗಳನ್ನು ಹೊರತೆಗೆದಳು, ಜೇಬಿಗೆ ಹಾಕಿಕೊಂಡಳು. ಅವಳ ದನಿಯಲ್ಲಿ ಏನೂ ಇರಲಿಲ್ಲ, ಕೋಪವೂ ಇರಲಿಲ್ಲ.

"ಹೇಳಲ್ಲ. ಅಮ್ಮನ ದನೀಲಿ ನಾನು ಅದನ್ನ ಮನೆಯಿಂದ ಹೊರಗೆ ಕಳಿಸಲ್ಲ."

ಬ್ರೆಕೆ ಇಬ್ಬರನ್ನೂ ನೋಡಲಾರದೆ ತನ್ನ ಟೋಪಿ ಸರಿಮಾಡಿಕೊಂಡ. ಆಮೇಲೆ ಖಾಲಿ ಪಂಜರದ ಬಾಗಿಲು ಹಾಕಿದ.

"ನಾಯಿ ವಿಷಯದಲ್ಲಿ ನಂಗೇನು ಅವಸರ ಇಲ್ಲ ಲೋವೆಲ್," ಎಂದ. "ನಾನು ಹೊರಡ್ತೀನಿ, ದನ ಕಾಯ್ತಾ ಇರ್ತವೆ."

ಅವನ ಗಾಡಿ ಎಬ್ಬಿಸಿದ ಧೂಳು ರಸ್ತೆಯ ಮೇಲೆ ನಿಲ್ಲದೆ ಅಡ್ಡಡ್ಡ ಹೊಲಕ್ಕೆ ಹಾರಿಹೋಯಿತು. ಲೋವೆಲ್ ಪಿಕಪ್ಪಿನ ಮರೆಯಲ್ಲಿ ನೆಲಕ್ಕೆ ಕುಳಿತ. ಕೈಗವಸು ಬಿಚ್ಚಿದ. ನಾಯಿಯ ತಲೆಯನ್ನು ತೊಡೆಗೆ ಎಳೆದುಕೊಂಡು, ಅದರ ಉದ್ದ ಕಿವಿಗೆ ಸಿಕ್ಕಿಕೊಂಡಿದ್ದ ಅಂಟುಮುಳ್ಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದ. ಚಳಿಗೆ ಮರಗಟ್ಟಿದ ಬೆರಳುಗಳು ಮತ್ತೆ ಮತ್ತೆ ಜಾರುತ್ತಿದ್ದವು. ಮೆರಿಲ್ ಎದುರು ಕುಳಿತು ಇನ್ನೊಂದು ಕಿವಿ ಹಿಡಿದಳು. ಕಿತ್ತುಬಂದ ಕೂದಲು ಅವರ ಕೈಯಿಂದ ಹಾರಿ, ಬೇಲಿಯ ತಂತಿಗೆ ತಗುಲಿ ನಡುಗುತ್ತಿತ್ತು.