ಕಂಬದ ಕಾಸು

ಬಡಾವಣೆಯ ತಿರುವಿನಲ್ಲಿ ಲೈಟ್ ಕಂಬಗಳ ಸಾಲು ನಿಂತುಹೋಗಿತ್ತು. ಅದರಾಚೆ ಬರೀ ಖಾಲಿ ಸೈಟುಗಳು, ನಡುವೆ ಗವಿಯಪ್ಪ ಮಾವ ಕಟ್ಟಿಸಿದ ಹೊಸ ಮನೆ. ಸುಣ್ಣಬಣ್ಣವೂ ಮುಗಿದಿತ್ತು. ಕರೆಂಟು ಮಾತ್ರ ಬಂದಿರಲಿಲ್ಲ.

ಮನೆಯ ತನಕ ಕಂಬ ನೆಡಿಸುವ ಖರ್ಚು ಮೊದಲು ಅರ್ಜಿ ಹಾಕಿದವರದೇ ಎಂದು ಕಚೇರಿಯವರು ಹೇಳಿದ್ದರು. ಆಮೇಲೆ ಬಂದವರಿಗೆ ಅದೇ ಕಂಬದಿಂದ ತಂತಿ ಎಳೆದುಕೊಳ್ಳುವ ಖರ್ಚಷ್ಟೇ. ಮಾವನ ಹತ್ತಿರ ಹಣವಿತ್ತು. ಆದರೆ ಪಕ್ಕದ ಸೈಟು ಅವರ ದೊಡ್ಡಪ್ಪನ ಮಗ ಹೊನ್ನಪ್ಪನದು. ಅವನಿಗೆ ಪುಕ್ಕಟೆ ಅನುಕೂಲವಾಗುವುದು ಮಾವನಿಗೆ ನುಂಗಲಾರದ ತುತ್ತು. ಹೊನ್ನಪ್ಪನೂ ಇವರೇ ಮೊದಲು ಕಂಬದ ಹಣ ಕಟ್ಟಲೆಂದು ಪಾಯ ಕೂಡ ತೆಗೆಸದೆ ಕೂತಿದ್ದ.

"ಅವನ ಮನೆಗೆ ದೀಪ ಹಚ್ಚೋಕೆ ನಾನೇನು ಧರ್ಮಛತ್ರ ಇಟ್ಟಿದ್ದೀನಾ?" ಎನ್ನುತ್ತಿದ್ದರು ಮಾವ.

ಅವರ ಹೆಂಡತಿ ಪುಟ್ಟತಾಯತ್ತೆ, ನನ್ನ ಅಪ್ಪನ ಅಕ್ಕ, ಬಾಡಿಗೆ ಮನೆಗಳಲ್ಲೇ ಮುದುಕಿಯಾದವಳು. ಆಗಲೇ ಅವಳಿಗೆ ಎದೆನೋವು ಶುರುವಾಗಿತ್ತು.

"ಕರೆಂಟು ಆಮೇಲೆ ಬರ್ಲಿ ಬುಡಿ. ಸೀಮೆಎಣ್ಣೆ ದೀಪದಲ್ಲಿ ನಾವು ಬಾಳಲಿಲ್ವಾ? ಜತೇಲಿ ಪೂಜೆಗೆ ಕೂತು ಹಾಲುಕ್ಕಿಸಿಬುಡವಾ," ಎಂದು ನನ್ನೆದುರಿಗೇ ಗೋಗರೆದಿದ್ದಳು.

"ಕತ್ತಲೆ ಮನೆಗೆ ನೆಂಟರನ್ನ ಕರೆದು ನಗೆಪಾಟಲಾಗ್ಬೇಕಾ? ತಡ್ಕೊ. ಅವನೇ ಸೋಲ್ತಾನೆ."

ಯಾರೂ ಸೋಲಲಿಲ್ಲ. ಕಂಬಗಳ ಸಾಲು ತಿರುವಿನಲ್ಲೇ ನಿಂತಿತ್ತು. ಮುಂದಿನ ಬೇಸಿಗೆಯಲ್ಲಿ ಅತ್ತೆ ಬಾಡಿಗೆ ಮನೆಯಲ್ಲೇ ತೀರಿಕೊಂಡಳು. ಎಷ್ಟು ಸಣ್ಣ ಆಸೆ ಅದು! ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ತಿಥಿ ಮುಗಿದ ವಾರವೇ ಮಾವ ಯಾರಿಗೂ ಹೇಳದೆ ಹೋಗಿ ಪೂರ್ತಿ ಹಣ ಕಟ್ಟಿಬಂದರು. ಕಂಬಗಳು ಬಂದವು. ವರ್ಷ ಕಳೆದ ಮೇಲೆ ಗೃಹಪ್ರವೇಶವೂ ಬಂತು. ಪುರೋಹಿತರು ಮಣೆ ಹಾಕಿಸಿ, "ದಂಪತಿಗಳು ಬನ್ನಿ," ಎಂದರು. ಮಾವ ಮುಂದೆ ಬಂದರು. ಶಾಸ್ತ್ರ ಅವರಿಗೆ ಗೊತ್ತಿಲ್ಲದ್ದೇನಲ್ಲ. ಆ ಗಳಿಗೆಯಲ್ಲಿ ಮರೆತರೋ ಏನೋ.

"ಒಬ್ಬರೇ ಕೂರುವ ಹಾಗಿಲ್ಲ, ಯಜಮಾನರೇ," ಎಂದರು ಪುರೋಹಿತರು ಮೆಲ್ಲಗೆ. "ದಾಯಾದಿಗಳಲ್ಲಿ ಜೋಡಿ ಯಾರಿದ್ದಾರೆ?"

ಮಾವನಿಗೆ ಮಕ್ಕಳಿರಲಿಲ್ಲ. ದಾಯಾದಿಯೆಂದರೆ ಹೊನ್ನಪ್ಪನೊಬ್ಬನೇ. ಅವನು ಹೆಂಡತಿ ದೇವೀರಮ್ಮನೊಡನೆ ಅಂಗಳದಲ್ಲೇ ನಿಂತಿದ್ದ. ಮಾವ ತಾವೇ ಹೋಗಿ ಅವನ ಕೈಹಿಡಿದರು.

"ಬಾರಪ್ಪ. ನೀವಿಬ್ರೂ ಕೂತ್ಕೊಳಿ."

"ಕಂಬದ ದುಡ್ಡು ನಾನಾದ್ರೂ ಕಟ್ಟಬಹುದಿತ್ತು ಕಣಣ್ಣ," ಎಂದು ಹೊನ್ನಪ್ಪ ಅತ್ತುಬಿಟ್ಟ.

ಅವರಿಬ್ಬರೂ ಮಣೆಯ ಮೇಲೆ ಕೂತರು. ದೇವೀರಮ್ಮ ಒಲೆ ಹಚ್ಚಿದಳು. ಹಾಲು ಉಕ್ಕುವುದನ್ನು ನೋಡಲು ನೆಂಟರೆಲ್ಲ ಬಾಗಿಲ ಬಳಿ ಒತ್ತೊತ್ತಾಗಿ ನಿಂತರು. ಅವರ ನಡುವೆ ಮಾವ, ತಮ್ಮ ಪಕ್ಕದಲ್ಲಿ ಇನ್ನೊಬ್ಬರು ನಿಲ್ಲುವಷ್ಟು ಜಾಗ ಬಿಟ್ಟು, ಕೈಮುಗಿದು ನಿಂತಿದ್ದರು.