ಮೂವತ್ತೊಂದು ಕಾಗದ, ಒಂದೇ ಅಕ್ಷರ

೧

ಈ ಕಥೆಯನ್ನು ಸಮುದ್ರದಿಂದ ಶುರು ಮಾಡಲೋ, ಒಲೆಯಿಂದಲೋ? ಸಮುದ್ರ ಅಮೆರಿಕದ್ದು, ಒಲೆ ಪುಣೆಯದ್ದು. ನಡುವೆ ನೂರೈವತ್ತೇಳು ವರ್ಷ.

ಮೊದಲ ಡ್ರಾಫ್ಟ್‌ನಲ್ಲಿ ಬಾಸ್ಟನ್ ಬಂದರಿತ್ತು. ಮಂಜು, ಹಡಗು, ಚಹಾ ತುಂಬಿದ ಮರದ ಪೆಟ್ಟಿಗೆ. ಮೂರು ಪುಟವಾದ ಮೇಲೆ ನನಗೇ ಗುಮಾನಿ ಬಂತು. ನಾನು ಬಾಸ್ಟನ್ ಕಂಡವನಲ್ಲ, ಆ ಮಂಜೆಲ್ಲ ನಮ್ಮ ಮುಠಾ ನದಿಯದೇ. ಹರಿದುಹಾಕಿದೆ. (ಮಾತಿಗೆ ಹೇಳಿದೆ. ಡಿಲೀಟ್ ಒತ್ತಿದ್ದು.)

ಹಾಗಾಗಿ ಒಲೆ. ೧೯೩೦ರ ಚಳಿಗಾಲ. ಈಗಿನ ಶಿವಾಜಿನಗರವನ್ನು ಆಗ ಭಾಂಬುರ್ಡೆ ಅನ್ನುತ್ತಿದ್ದರು. ಅಲ್ಲಿ ಉಡುಪಿ ಕಡೆಯ ಲೋಕನಾಥನ ಪುಟ್ಟ ಹೋಟೆಲು. ಅಡುಗೆ ಅವನ ಹೆಂಡತಿ ಹರಿಣಾಕ್ಷಿಯದು. ಅವಳು ಗಿರಾಕಿಗಳಿಗೆ ಕಾಣುವುದಿಲ್ಲ. ಗೋಡೆಯ ಕಿಂಡಿಯಲ್ಲಿ ತಟ್ಟೆ ಚಾಚುವ ಎರಡು ಕೈ ಮಾತ್ರ ಕಾಣುತ್ತವೆ, ಬಳೆಗಳು ಕಿಣಿಕಿಣಿ ಎನ್ನುತ್ತ—

"ಬಳೆ ಎಂತಕ್ಕೆ ಬರೆದದ್ದು ಮಾರಾಯ್ರೆ? ರುಬ್ಬುವಾಗ ತೆಗೆದಿಡ್ತೇನೆ ನಾನು."

ಸರಿ, ಹರಿಣಾಕ್ಷಿ. ಬಳೆಯಿಲ್ಲದ ಎರಡು ಕೈ.

೨

ಮಧ್ಯಾಹ್ನ ಮೂರಕ್ಕೆ ಹೋಟೆಲಿನಲ್ಲಿ ಜನ ಕಡಿಮೆ. ಆ ಹೊತ್ತಿಗೆ ನಿಜಲಿಂಗಪ್ಪ ಬರುತ್ತಾನೆ. ಬೆಳಗಾವಿ ಕಡೆಯವನು, ಸರ್ಕಾರಿ ಕಚೇರಿಯೊಂದರಲ್ಲಿ ನಕಲು ಗುಮಾಸ್ತ. ಕನ್ನಡ ಜಿಲ್ಲೆಗಳ ಕಾಗದಗಳನ್ನು ಅಂದವಾಗಿ ಮರುಬರೆಯುವುದು ಅವನ ಉದ್ಯೋಗ. ಲೈಬ್ರರಿಯಲ್ಲಿ ಓದಿದ್ದನ್ನು ಚಹಾ ಕುಡಿಯುತ್ತ ಲೋಕನಾಥನಿಗೆ ಹೇಳುವುದು ಅವನ ಚಟ.

"ಅಮೆರಿಕಾನೂ ಆಗ ಇಂಗ್ಲಿಷರ ಕೈಯಾಗಿತ್ರಿ. ಅವರ ಕರ ಒಲ್ಲೆವು ಅಂತ ಮಂದಿ ಹಡಗ ಹತ್ತಿ, ಮುನ್ನೂರಾ ನಲವತ್ತೆರಡು ಪೆಟಗಿ ಚಹಾ ಸಮುದ್ರಕ್ಕ ಸುರುವಿದ್ರು!"

ಕಿಂಡಿಯಿಂದ ಮೊದಲ ಸಲ ದನಿ ಬಂತು. "ಆಗ ಉಬ್ಬರವೋ, ಇಳಿತವೋ?"

ನಿಜಲಿಂಗಪ್ಪ ಲೈಬ್ರರಿಗೆ ಹೋದ. ಮರುದಿನ ಹುಡುಕಿಕೊಂಡು ಬಂದ. "ಇಳಿತ ಇತ್ತಂತ್ರಿ ಅಕ್ಕಾರ. ಚಹಾಪುಡಿ ಹುಲ್ಲಿನ ಬಣಿವಿ ಹಂಗ ನೀರಾಗ ಒಟ್ಟಿ ನಿಂತಿತ್ತಂತ."

"ಹಾಗೇ ಆಗ್ಬೇಕು. ಇಳಿತಕ್ಕೆ ಎಸೆದದ್ದು ದೂರ ಹೋಗುದಿಲ್ಲ."

ಅಂದಿನಿಂದ ಹರಿಣಾಕ್ಷಿ ದೋಸೆ ಹುಯ್ಯುವಾಗಲೂ ಅವಳ ಕಣ್ಣಮುಂದೆ ಕಂದು ಬಣ್ಣದ ಸಮುದ್ರ ತೂಗಾಡುತ್ತಿತ್ತು. ನಿದ್ದೆ ಬಾರದ ಮೀನುಗಳು ದಡಕ್ಕೆ ಬಂದು ಅವಳ ಮುಖ ನೋಡುತ್ತಿದ್ದವು. ಏನೋ ಕೇಳುತ್ತಿದ್ದವು.

೩

(ಇಲ್ಲಿ ಇತಿಹಾಸದ ಪಾಠ ಹಾಕಬೇಡಿ ಎಂದು ಗೆಳೆಯರೊಬ್ಬರು ಎಚ್ಚರಿಸಿದ್ದರು. ನಾಲ್ಕೇ ಸಾಲು ಹಾಕುತ್ತೇನೆ.)

ಚಹಾ ಸುರಿದದ್ದು ಒಂದು ದಿನದ ಕೆಲಸ. ದಿನದಿನವೂ ಅದನ್ನು ಮುಟ್ಟದೆ ಇದ್ದವರು ಯಾರು? ಅಮೆರಿಕದ ಮನೆಯ ಹೆಂಗಸರು. ಒಂದೂರಿನಲ್ಲಿ ಐವತ್ತೊಂದು ಮಂದಿ ಪ್ರತಿಜ್ಞೆಗೆ ಸಹಿ ಹಾಕಿದರು. ಹಲವರು ಸೊಪ್ಪುಸದೆ ಕುದಿಸಿ ಕುಡಿದರು, ಮನೆಯಲ್ಲೇ ನೂಲು ತೆಗೆದರು. ಊರೂರಿಗೂ ಪತ್ರ ಬರೆಯುವ ಸಮಿತಿಗಳಿದ್ದವು. ಒಂದೂರಿನ ಸುದ್ದಿ ಕಾಗದವಾಗಿ ಮುಂದಿನೂರಿಗೆ ಹೋಗುತ್ತಿತ್ತು.

ಇದನ್ನೂ ನಿಜಲಿಂಗಪ್ಪ ಓದಿ ಬಂದು ಹೇಳಿದ. ಮುಂದಿನ ಸೋಮವಾರ ಹೋಟೆಲಿನಲ್ಲಿ ಚಹಾ ಇರಲಿಲ್ಲ. ಕೊತ್ತಂಬರಿ, ಜೀರಿಗೆಯ ಕಷಾಯವಿತ್ತು.

"ಮರ್ಲಾ ನಿನಗೆ? ತಲೆ ಕೆಟ್ಟಿದಾ?" ಲೋಕನಾಥ ಒಳಗೆ ಓಡಿದ. "ಗಿರಾಕಿಗಳು ಎದ್ದು ಹೋಗ್ತಿದ್ದಾರೆ!"

"ನಾಳೆ ಬರ್ತಾರೆ. ಹಸಿವೆ ಉಂಟಲ್ಲ ಅವರಿಗೆ."

ಎಲ್ಲರಿಗಿಂತ ಮೊದಲು ಲೋಟ ಸರಿಸಿದವನು ನಿಜಲಿಂಗಪ್ಪ. "ಅಕ್ಕಾರ, ಕಥಿ ಹೇಳಿದ್ದು ಖರೇ. ಆದ್ರ ನನಗ ಚಹಾ ಇಲ್ದ ತಲಿ ನೋಯ್ತದ್ರಿ."

"ಕಥೆ ಹೇಳುವವರಿಗೆ ಅಂತ ಬೇರೆ ಪಾತ್ರೆ ಇಟ್ಟಿಲ್ಲ. ನನಗೊಂದು ಕಾಗದ ಬರೆದುಕೊಡಿ."

ಅವನು ಬರೆದ: ಇಂಗ್ಲಿಷರ ಕಂಪನಿಯ ಚಹಾ ಕುಡಿಯುವುದಿಲ್ಲ, ಪರದೇಶದ ಅರಿವೆ ಉಡುವುದಿಲ್ಲ, ಇದನ್ನು ನಕಲು ಮಾಡಿ ಇನ್ನೊಂದು ಮನೆಗೆ ಕಳುಹಿಸಿರಿ. ಕೆಳಗೆ ಸಹಿ ಮಾತ್ರ ಹಾಕಲಿಲ್ಲ.

(ನಾನಿಲ್ಲಿ "ಪುಕ್ಕಲ" ಎಂದು ಬರೆದಿದ್ದೆ. ಅವನು ಪುಟದ ಅಂಚಿನಿಂದ ತಲೆ ಹಾಕಿದ: "ಹಂಗ ಬರೀಬ್ಯಾಡ್ರಿ. ಮನ್ಯಾಗ ಏಳು ಮಂದಿ ನನ್ನ ಪಗಾರದ ಮ್ಯಾಲ ಇದ್ದಾರ." ಆ ಪದ ತೆಗೆದೆ.)

೪

ನೆರೆಮನೆಯ ಸಾವಂತ್ರವ್ವ ಓಣಿಯ ಕನ್ನಡದ ಹೆಂಗಸರನ್ನು ಕರೆತಂದಳು. ಹರಿಣಾಕ್ಷಿಯೂ ಸೇರಿ ಮೂವತ್ತು ಜನ. ಓದು ಒಬ್ಬಳಿಗೂ ಬರದು. ಮಧ್ಯಾಹ್ನ ಅಡುಗೆಮನೆಯಲ್ಲಿ, ಒಲೆ ಆರಿದ ಬಿಸುಪಿನಲ್ಲಿ ಕೂತು, ಲೋಕನಾಥ ಓದಿ ತೋರಿಸಿದ ಆ ಒಂದು ಕಾಗದವನ್ನೇ ತಿದ್ದಿ ತಿದ್ದಿ ಕಲಿತರು. ಕನಸಿನಲ್ಲಿ ನಡೆದ ಹಾಗೆ ಎರಡು ತಿಂಗಳು ಸರಿಯಿತು. ನಿಜಲಿಂಗಪ್ಪನ ಳಕಾರಕ್ಕೆ ಉದ್ದ ಬಾಲ. ಹಾಗಾಗಿ ಮೂವತ್ತೂ ಜನರ ಳಕಾರಕ್ಕೆ ಉದ್ದ ಬಾಲ.

ಸಾತಾರೆಗೆ ಹೋಗುವ ಮೋಟಾರಿನ ಡ್ರೈವರ್ ಕಾಗದಗಳನ್ನು ಒಯ್ಯುತ್ತಿದ್ದ. ಅಲ್ಲಿಂದ ಕೊಲ್ಹಾಪುರ, ಬೆಳಗಾವಿ. ಒಂದು ದಿನ ಕಾತ್ರಜದಲ್ಲಿ ಪೊಲೀಸರು ಮೋಟಾರು ನಿಲ್ಲಿಸಿದರು. ಒಂದು ಕಾಗದ ಸಿಕ್ಕಿತು. ಕನ್ನಡ ಬಲ್ಲವರಿಂದ ಓದಿಸಲು ಅದನ್ನು ಕಳಿಸಿದ್ದು ನಿಜಲಿಂಗಪ್ಪನ ಕಚೇರಿಗೇ.

೫

ಸಾಹೇಬರ ಮೇಜಿನ ಮೇಲೆ ಕಾಗದ. ಪಕ್ಕದಲ್ಲಿ ಹೆಡ್ ಕ್ಲಾರ್ಕ್ ಸಿದ್ರಾಮಪ್ಪ. "ಈ ಬಾಲ ಇಡೀ ಪುಣೇದಾಗ ಒಬ್ಬಂದ. ನಿಂದು ಹೌದಲ್ಲೊ, ನಿಜಲಿಂಗಪ್ಪ?"

ನಿಜಲಿಂಗಪ್ಪ ಬಗ್ಗಿ ನೋಡಿದ. ಅದು ತನ್ನದೋ ಅಲ್ಲವೋ, ಅವನಿಗೇ ತಿಳಿಯಲಿಲ್ಲ. ತನ್ನ ಮುಖವನ್ನು ಬೇರೆಯವರ ಕನ್ನಡಿಯಲ್ಲಿ ಕಂಡಂತಾಯಿತು.

ಅಷ್ಟರಲ್ಲಿ ವೆರಾಂಡದಲ್ಲಿ ಗದ್ದಲ. ಕಾಗದ ಈ ಕಚೇರಿಗೆ ಬಂದ ಸುದ್ದಿಯನ್ನು ಮೋಟಾರಿನ ಡ್ರೈವರ್ ಹೋಟೆಲಿಗೆ ಓಡಿ ಮುಟ್ಟಿಸಿದ್ದ. ಬಾಗಿಲಲ್ಲಿ ಹರಿಣಾಕ್ಷಿ, ಬೆನ್ನಿಗೆ ಇಪ್ಪತ್ತೊಂಬತ್ತು ಮಂದಿ.

"ಅದು ನಾನು ಬರೆದದ್ದು," ಎಂದಳು ಹರಿಣಾಕ್ಷಿ.

"ಸುಳ್ಳರಿ. ನಾ ಬರದದ್ದು," ಎಂದಳು ಸಾವಂತ್ರವ್ವ.

ಸಾಹೇಬರು ನಕ್ಕು ಲೇಖನಿ ಕೊಟ್ಟರು. ಒಬ್ಬೊಬ್ಬಳೇ ಬಂದು ಬರೆದಳು. ಮೂವತ್ತು ಹಾಳೆ, ಜೊತೆಗೆ ಸಿಕ್ಕ ಕಾಗದ. ಮೂವತ್ತೊಂದರಲ್ಲೂ ಅದೇ ಬಾಲ. ಸಾಹೇಬರ ನಗು ನಿಂತಿತ್ತು.

೬

ಈಗ ಕ್ಲೈಮ್ಯಾಕ್ಸ್. ಮೊದಲ ಆವೃತ್ತಿಯಲ್ಲಿ ನಿಜಲಿಂಗಪ್ಪ ಎದೆ ಸೆಟೆಸಿ "ಎಲ್ಲಾ ನಂದ ರೀ!" ಎಂದು ಜೈಲಿಗೆ ಹೋಗುತ್ತಾನೆ. ಓದಿ ನನ್ನ ಕಣ್ಣು ತೇವವಾಯಿತು. ಅವನಿಗೆ ಅದು ಹಿಡಿಸಲಿಲ್ಲ. "ನಾ ಹಂಗ ಅನ್ಲಿಲ್ಲ. ಇದ್ದದ್ದ ಬರೀರಿ."

ಇದ್ದದ್ದು ಇಷ್ಟು. ಅವನು ಸುಮ್ಮನೆ ನಿಂತ. ಸಾಹೇಬರು ಅವನನ್ನು ಬಿಟ್ಟರು. ಮೂವತ್ತು ಹೆಂಗಸರ ಹೆಸರು ಪೊಲೀಸರ ಪುಸ್ತಕಕ್ಕೆ ಹೋಯಿತು, ಅವರಲ್ಲಿ ಒಂಬತ್ತು ಜನ ವಾರದೊಳಗೆ ಯೆರವಡಾ ಜೈಲಿಗೆ ಹೋದರು. ಸಾವಂತ್ರವ್ವ ನಾಲ್ಕು ತಿಂಗಳು ಒಳಗಿದ್ದಳು.

ಅವಳನ್ನು ಒಯ್ದ ದಿನ ನಿಜಲಿಂಗಪ್ಪ ಹೋಟೆಲಿಗೆ ಬಂದು ಕಿಂಡಿಯ ಮುಂದೆ ನಿಂತ.

"ಆ ಕಾಗದ ಕೊಡ್ರಿ ಅಕ್ಕಾರ. ಸಹಿ ಹಾಕ್ತೀನಿ."

ಹರಿಣಾಕ್ಷಿ ಮೊದಲ ಸಲ ಹೋಟೆಲಿನ ಮುಂಭಾಗಕ್ಕೆ ಬಂದಳು. ಇಲ್ಲಿ ಇಷ್ಟು ದಿನ ಕೈ ಮಾತ್ರ ಕಂಡಿದ್ದವನು, ಕಚೇರಿಯಲ್ಲೂ ತಲೆ ಎತ್ತದವನು, ಅವಳ ಮುಖ ನೋಡಲಾರದೆ ತಲೆ ತಗ್ಗಿಸಿದ.

"ಸಹಿ ನಿಮ್ಮ ಸಮಾಧಾನಕ್ಕೆ," ಎಂದಳು. "ನನಗೆ ಬೇರೆ ಕೆಲಸ ಉಂಟು. ಘೋರ್ಪಡಿಯಿಂದ ಏಳು ಜನ ಹೊಸಬರು ಬಂದಿದ್ದಾರೆ. ಒಳಗೆ ಬನ್ನಿ."

"ಆ ಕಾಗದಾನ ತಿದ್ದಸ್ಲೇನ್ರಿ?"

"ಬೇಡ. ಪೊಲೀಸರು ನಮ್ಮ ಹೆಸರು ಎಲ್ಲ ತಪ್ಪು ತಪ್ಪು ಬರೆದುಕೊಂಡು ಹೋದರು. ಇವರಿಗೆ ಮೊದಲು ಅವರವರ ಹೆಸರು ಕಲಿಸಿ."

ಅವನು ಚಪ್ಪಲಿ ಕಳಚಿ ಒಳಗೆ ಹೋದ.

೭

ಅವನ ನೌಕರಿ ಉಳಿಯಿತೇ, ಚಹಾ ಬಿಟ್ಟನೇ, ಸಾವಂತ್ರವ್ವ ಅವನ ಜೊತೆ ಮತ್ತೆ ಮಾತಾಡಿದಳೇ ಎಂದು ನೀವು ಕೇಳುತ್ತಿದ್ದೀರಿ. ಮೂರಕ್ಕೂ ಮೂರು ಮೂರು ಉತ್ತರ ಬರೆದಿಟ್ಟಿದ್ದೇನೆ. ಆದರೆ ಒಳಗೆ ಬಸವಣ್ಣೆವ್ವ ಎಂಬ ಮುದುಕಿ ಬಳಪ ಹಿಡಿದಿದ್ದಾಳೆ. ಉದ್ದದ ಹೆಸರು, ಕೊನೆಯಲ್ಲಿ ಎರಡು ಒತ್ತು. ಮೂರು ಅಕ್ಷರ ಆಗಿದೆ. ಉಳಿದ ಆರು ಹೆಂಗಸರು, ಒಬ್ಬ ಗುಮಾಸ್ತ ಉಸಿರು ಬಿಗಿಹಿಡಿದು ನೋಡುತ್ತಿದ್ದಾರೆ. ದಯವಿಟ್ಟು ಸ್ವಲ್ಪ ಮೆಲ್ಲಗೆ ಮಾತಾಡಿ, ಅವಳ ಕೈ ಅಲುಗೀತು.