ಮಹಾಲಿಂಗಪುರದಲ್ಲಿ ಆಗದ ಕುಸ್ತಿ

ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನ ಎದುರಿಗೆ ಕಾಶಪ್ಪನ ಚಹಾದಂಗಡಿ. ಅಲ್ಲಿ ದಿನಾ ಮುಂಜಾನೆ ಏಳೂವರೆಗೆ ಒಂದು ಕುಸ್ತಿ ಶುರುವಾಗಿ ಒಂಬತ್ತಕ್ಕೆ ಮುಗಿಯುತ್ತಿತ್ತು. ಅದು ನಲವತ್ತೊಂದು ವರ್ಷದ ಹಿಂದೆ ಆಗಬೇಕಾಗಿದ್ದ ಕುಸ್ತಿ; ಆಗಲಿಲ್ಲ. ಆಗಿದ್ದರೆ ಒಬ್ಬ ಗೆಲ್ಲುತ್ತಿದ್ದ, ಒಬ್ಬ ಸೋಲುತ್ತಿದ್ದ, ಜನ ಮನೆಗೆ ಹೋಗಿ ರೊಟ್ಟಿ ಉಂಡು ಮಲಗುತ್ತಿದ್ದರು. ಆಗದ ಕುಸ್ತಿಗೆ ಸೋಲೂ ಇಲ್ಲ, ಸಾವೂ ಇಲ್ಲ.

ಒಬ್ಬ ಬನಹಟ್ಟಿಯ ಹಣಮಪ್ಪ ಪೈಲ್ವಾನ, ಇನ್ನೊಬ್ಬ ಮುಧೋಳದ ತುಕಾರಾಮ ಪೈಲ್ವಾನ. ಎಂಬತ್ನಾಲ್ಕನೇ ಇಸವಿಯವರೆಗೆ ಇಬ್ಬರ ಬೆನ್ನಿಗೂ ಮಣ್ಣು ಹತ್ತಿರಲಿಲ್ಲ. ಇವರಿಬ್ಬರ ಜೋಡಿ ಹಾಕಿದವರು ಮಹಾಲಿಂಗಪುರದ ಹಿರಿಯರು. ನಡುವಿನ ಊರು, ಯಾರೂ ತಕರಾರು ತೆಗೆಯುವಂತಿಲ್ಲ. ಗೋಡೆಗೆ ಪೋಸ್ಟರು ಹಚ್ಚುವುದೊಂದು ಬಾಕಿ ಇತ್ತು. ಇನ್ನೂ ಎಂಟು ದಿನ ಇರುವಾಗ ಇಬ್ಬರೂ ಪೈಲ್ವಾನರು ತಾವು ಬರುವುದಿಲ್ಲವೆಂದು ಹೇಳಿ ಕಳಿಸಿದರು. ಕಾರಣ ಹೇಳಲಿಲ್ಲ. ಬನಹಟ್ಟಿಯವರು ತುಕಾರಾಮ ಹೆದರಿದ ಎಂದರು, ಮುಧೋಳದವರು ಹಣಮಪ್ಪ ಹೆದರಿದ ಎಂದರು. ಪೈಲ್ವಾನರಿಬ್ಬರೂ ಬಾಯಿ ಬಿಡದೆ ಮುದುಕರಾದರು, ಬಾಯಿ ಬಿಡದೆಯೇ ಸತ್ತರು.

ಅವರು ಬಿಡದ ಬಾಯನ್ನು ಕಾಶಪ್ಪನ ಅಂಗಡಿಯಲ್ಲಿ ಇಬ್ಬರು ಬಿಡುತ್ತಿದ್ದರು. ಹಣಮಪ್ಪನ ಕಡೆಗೆ ಸೋಮಲಿಂಗ ಸಾವ್ಕಾರ, ಬನಹಟ್ಟಿಯಿಂದ ಬಂದು ಇಲ್ಲಿ ಬೆಲ್ಲದ ವ್ಯಾಪಾರ ಮಾಡಿದವನು. ತುಕಾರಾಮನ ಕಡೆಗೆ ಶಿವಾಜಿ ಮಾಸ್ತರ, ಮುಧೋಳದವನು, ಇಲ್ಲಿನ ಸಾಲೆಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತನಾದವನು. ಇಬ್ಬರಿಗೂ ಎಪ್ಪತ್ತು ದಾಟಿದೆ.

"ನಮ್ಮ ಹಣಮಪ್ಪ ದಿನಾ ಎರಡ ಸೇರು ಎಮ್ಮಿ ಹಾಲು ಕುಡೀತಿದ್ದರೀ ಮಾಸ್ತರ!"

"ಕುಡೀಲಿ. ಕರಾನೂ ಕುಡೀತೈತಿ. ಅದೇನ ಕುಸ್ತಿ ಹಿಡೀತೈತೇನು?"

"ಅವನ ತೊಡಿ ನೋಡಿದ್ರೇನು ನೀವು? ಕಂಬ ಇದ್ದಂಗಿದ್ವು, ಕಂಬ!"

"ಕಂಬ ಇದ್ದಲ್ಲೇ ಇರತೈತ್ರಿ ಸಾವ್ಕಾರ. ನಮ್ಮ ತುಕಾರಾಮ ಹಿಂದ ಹೋಗಿ ನಡಾ ಹಿಡದ ಅಂದ್ರ ಮುಗೀತು."

ಇವರ ಎದುರಿಗೆ ಕುಳಿತು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಗೋಣು ಹಾಕುತ್ತಿದ್ದವನು ಲಗಮಪ್ಪ. ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು, ಪಾಪದ ಮನುಷ್ಯ ಎಂದು ಹೆಸರಾದವನು. ಆ ಕುಸ್ತಿ ಯಾಕೆ ಆಗಲಿಲ್ಲ ಎಂಬುದು ಭೂಮಿಯ ಮೇಲೆ ಈಗ ಅವನೊಬ್ಬನಿಗೇ ಗೊತ್ತಿತ್ತು. ಯಾರಿಗೂ ಹೇಳುವುದಿಲ್ಲವೆಂದು ಪೈಲ್ವಾನರಿಬ್ಬರಿಗೂ ಮಾತು ಕೊಟ್ಟಿದ್ದ. ಅಂಥವನ ಎದುರಿಗೇ ದಿನಾ ಒಂದೂವರೆ ತಾಸು ಅದೇ ಮಾತು! ಬಾಯಲ್ಲಿ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಆದರೂ ಆ ಒಂದೂವರೆ ತಾಸೆಂದರೆ ಲಗಮಪ್ಪನಿಗೆ ಜೀವ. ಮಾಸ್ತರ, ಸಾವ್ಕಾರ ಬಿಟ್ಟರೆ ಅವನಿಗೆ ಬೇರೆ ಗೆಳೆಯರಿರಲಿಲ್ಲ, ಬೇಕೆಂದೂ ಅನಿಸಿರಲಿಲ್ಲ.

ಈ ಶ್ರಾವಣದಲ್ಲಿ ಎಲ್ಲ ಕೆಟ್ಟಿತು. ಅವತ್ತು ಮಾಸ್ತರನಿಗೆ ಎಲ್ಲಿಲ್ಲದ ಹುರುಪು. "ಬಾಯಿಲೆ ಹೇಳಿದ್ರ ನಿಮಗ ತಿಳಿಯಂಗಿಲ್ಲ. ಮಾಡೇ ತೋರಸ್ತೇನಿ, ಏಳ್ರಿ" ಎಂದು ಸಾವ್ಕಾರನನ್ನು ಎಬ್ಬಿಸಿ ನಿಲ್ಲಿಸಿ, ಹಿಂದೆ ಹೋಗಿ ಎರಡೂ ಕೈಯಿಂದ ನಡ ಹಿಡಿದ. ಎತ್ತಲು ನೋಡಿದ. ಸಾವ್ಕಾರ ಏಳಲಿಲ್ಲ. ಮತ್ತೊಮ್ಮೆ ಹೂಂಕರಿಸಿ ಹಿಚುಕಿದ. ಆ ಹಿಚುಕಿಗೆ ಸಾವ್ಕಾರನ ಮೇಲಿನ ಹಲ್ಲಿನ ಸೆಟ್ಟು ಬಾಯಿಂದ ಹಾರಿ ಕಾಶಪ್ಪನ ಭಜಿ ಹಿಟ್ಟಿನಲ್ಲಿ ಬಿತ್ತು.

ಕಾಶಪ್ಪ ಆಗ ಜಮಖಂಡಿ ಬಸ್ಸಿನ ಕಡೆ ನೋಡುತ್ತ ಹಿಟ್ಟು ಬಿಡುತ್ತಿದ್ದ. ನಾಲ್ಕು ಭಜಿಯ ಜೊತೆಗೆ ಹಲ್ಲೂ ಎಣ್ಣೆಗೆ ಹೋಯಿತು. ಹೊಂಬಣ್ಣಕ್ಕೆ ಬಂದ ಮೇಲೆ ಜಾಲರಿ ಸೌಟಿನಲ್ಲಿ ಮೇಲೆ ಬಂತು, ಸ್ವಲ್ಪ ಸೊಟ್ಟಗಾಗಿ.

ಮಾಸ್ತರ ಅಲ್ಲಿಗೆ ಸುಮ್ಮನಿದ್ದರೆ ಉಳಿಯುತ್ತಿತ್ತು. ಆದರೆ ಮಾಸ್ತರರು ಸುಮ್ಮನಿರುವುದನ್ನು ಕಲಿತಿರುವುದಿಲ್ಲ. "ನಾ ಅಂತ ಬರೇ ಹಲ್ಲ ಹಾರೇತಿ. ತುಕಾರಾಮ ಹಿಡದಿದ್ರ ಜೀವಾನ ಹಾರತಿತ್ತು" ಎಂದ.

ಸಾವ್ಕಾರ ಬೊಚ್ಚು ಬಾಯಿಯಲ್ಲೇ ಬೆರಳು ತೋರಿಸಿದ. "ಇವತ್ತಿಗೆ ಮುಗೀತು. ನಿನ್ನ ಮಾರಿ ನೋಡಂಗಿಲ್ಲ. ನಾ ಸತ್ರ ಮಣ್ಣಿಗೂ ಬರಬ್ಯಾಡ ನೀ!"

ನಲವತ್ತು ವರ್ಷದಲ್ಲಿ ಸಾವ್ಕಾರ ಮಾಸ್ತರನಿಗೆ 'ನೀ' ಅಂದದ್ದು ಅದೇ ಮೊದಲು.

ಅದೇ ದಿನ 'ಚಹಾ ಬಳಗ' ಎಂಬ ವಾಟ್ಸಾಪ್ ಗುಂಪಿನಿಂದ ಮಾಸ್ತರ ಹೊರಬಿದ್ದ. ಹತ್ತು ನಿಮಿಷಕ್ಕೆ ಸಾವ್ಕಾರನೂ ಹೊರಬಿದ್ದ. ಗುಂಪಿನಲ್ಲಿ ಇದ್ದವರೇ ಮೂವರು. ಲಗಮಪ್ಪ ಮಾತ್ರ ದಿನಾ ಮುಂಜಾನೆ ಗುಲಾಬಿ ಹೂವಿನ ಜೊತೆಗೆ ಶುಭೋದಯ ಕಳಿಸುತ್ತಲೇ ಇದ್ದ. ಕಳಿಸಿದ್ದನ್ನು ತಾನೇ ನೋಡಿ ಫೋನು ಕಿಸೆಗೆ ಹಾಕಿಕೊಳ್ಳುತ್ತಿದ್ದ.

ಹೊರಗೆ ಹೋಗಲು ಜಾಗವಿಲ್ಲದ ಗಂಡಸು ಅಡುಗೆಮನೆಗೆ ಬರುತ್ತಾನೆ. ಲಗಮಪ್ಪ ಹೆಂಡತಿ ಇಂದ್ರವ್ವನ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿದ. ಜೀರಿಗೆ ಎಲ್ಲಿ, ಸಾಸಿವೆ ಎಲ್ಲಿ ಎಂದು ಅವಳಿಗೇ ತಿಳಿಯದಂತಾಯಿತು. ಮೊಸರು ಕಡೆಯುವಾಗ ಪಕ್ಕದಲ್ಲಿ ನಿಂತು, "ಸ್ವಲ್ಪ ಮೆಲ್ಲಕ, ಮುಂದ ತಿರುವು ಐತಿ" ಎಂದ. ಹದಿನೈದನೆಯ ದಿನ ಇಂದ್ರವ್ವ ಕಡಗೋಲು ಕೆಳಗಿಟ್ಟಳು.

"ಇಲ್ಲಿ ಕೇಳ್ರಿ. ಒಂದೋ ಅವರಿಬ್ಬರನ್ನ ಕೂಡಸ್ರಿ, ಇಲ್ಲಾ ನಾ ತವರಮನಿಗೆ ಹೊಕ್ಕೇನಿ."

"ತವರಮನ್ಯಾಗ ಯಾರದಾರ ಬೇ ಈಗ?"

"ಯಾರೂ ಇಲ್ಲ. ಅದಕ್ಕ ಛಲೋ ಐತಿ."

ಆಗ ಲಗಮಪ್ಪನಿಗೆ ತಡೆಯಲಾಗಲಿಲ್ಲ. ನಲವತ್ತೊಂದು ವರ್ಷ ಹೆಂಡತಿಗೂ ಹೇಳದೇ ಇಟ್ಟಿದ್ದನ್ನು ಹೇಳಿಬಿಟ್ಟ. ಇಂದ್ರವ್ವ ನಕ್ಕಳು, ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ನಕ್ಕಳು. ಆಮೇಲೆ ಅಂದಳು: "ಸತ್ತವರು ನಿಮ್ಮ ಮಾತು ಕೇಳಾಕ ಬರಂಗಿಲ್ಲ. ಇದ್ದವರನ್ನ ನೋಡ್ರಿ. ಹೋಗಿ ಹೇಳ್ರಿ. ಯಾರೂ ಹೆದರಿಲ್ಲ ಅಂತ ಗೊತ್ತಾದ್ರ ಜಗಳ ಎಲ್ಲಿ ಉಳೀತು?"

ಸರಿ ಅನಿಸಿತು. ಲಗಮಪ್ಪ ಮಾಸ್ತರನ ಮನೆಗೆ ಹೋಗಿ "ಸಾವ್ಕಾರ ನಿಮಗ ತಪ್ಪಾತು ಅಂತಾರಂತ, ನಾಳೆ ಕಾಶಪ್ಪನ ಅಂಗಡಿಗೆ ಬರ್ರಿ" ಎಂದ. ಸಾವ್ಕಾರನ ಮನೆಗೆ ಹೋಗಿ ಹೆಸರು ಅದಲುಬದಲು ಮಾಡಿ ಅದನ್ನೇ ಹೇಳಿದ. ಮರುದಿನ ಇಬ್ಬರೂ ಇಸ್ತ್ರಿ ಅಂಗಿ ಹಾಕಿಕೊಂಡು ಏಳಕ್ಕೇ ಬಂದರು. ಎದುರುಬದುರು ಕುಳಿತರು. ಕಾಲು ತಾಸು ಒಬ್ಬರನ್ನೊಬ್ಬರು ನೋಡುತ್ತ, ಇವನು ಯಾವಾಗ ತಪ್ಪಾಯಿತು ಅನ್ನುತ್ತಾನೆ ಎಂದು ಕಾದರು. ಸಾವ್ಕಾರ ಹೊಸ ಹಲ್ಲು ಕಟ್ಟಿಸಿಕೊಂಡಿದ್ದ.

ಲಗಮಪ್ಪ ಗಂಟಲು ಸರಿ ಮಾಡಿಕೊಂಡ.

"ಇಬ್ಬರೂ ಕೇಳ್ರಿ. ಆ ಕುಸ್ತಿ ಯಾಕ ಆಗಲಿಲ್ಲ ಅಂತ ನನಗ ಗೊತ್ತೈತಿ. ಅದು ನನ್ನ ಬಸ್ಸಿನ್ಯಾಗ ಆತು."

ಕಾಶಪ್ಪ ಸ್ಟೋವು ಸಣ್ಣ ಮಾಡಿದ.

"ಪೋಸ್ಟರಿಗೆ ಫೋಟೋ ತಗಿಸಾಕ ಇಬ್ಬರನ್ನೂ ಜಮಖಂಡಿಗೆ ಕರಿಸಿದ್ದರು. ತಿರುಗಿ ಬರುವಾಗ ಇಬ್ಬರೂ ನನ್ನ ಮುಧೋಳ ಬಸ್ಸ ಹತ್ತಿದ್ರು. ಬಸ್ ತುಂಬೇತಿ, ಇಬ್ಬರು ಕುಂಡ್ರೋ ಒಂದ ಸೀಟು ಖಾಲಿ. ಹಣಮಪ್ಪ ಕಿಡಕಿ ಕಡೆ, ತುಕಾರಾಮ ಈ ಕಡೆ. ನಾಕ ಮಂದೀದು ಮೈ, ಇಬ್ಬರ ಸೀಟು. ಹೆಂಗೋ ಕುಂತ್ರು. ಬೆಲ್ಲದ ಸೀಸನ್ನು, ಬಸ್ಸಿನ್ಯಾಗೆಲ್ಲ ನೊಣ. ಹಣಮಪ್ಪನ ತೊಡಿ ಮ್ಯಾಲ ಒಂದ ನೊಣ ಕುಂತಿತು. ಫಟ್ ಅಂತ ಹೊಡದ."

"ನೊಣಾ ಸತ್ತಿತೇನು?" ಎಂದ ಸಾವ್ಕಾರ, ಅಭಿಮಾನದಿಂದ.

"ಅದ ಗೊತ್ತಿಲ್ಲ. ಆದ್ರ ತುಕಾರಾಮ ನೊಣಾ ನೋಡಿಲ್ಲ. ಪೈಲ್ವಾನ ಪೈಲ್ವಾನನ ಮುಂದ ತೊಡಿ ತಟ್ಟಿದ್ರ ಏನರ್ಥ? ಬಾ ಅಂತ! ಇವನೂ ತೊಡಿ ತಟ್ಟಿದ. ಮಾತಿಲ್ಲ, ಕತಿ ಇಲ್ಲ. ಇಬ್ಬರೂ ಮುಂದಿನ ಸೀಟಿಗೆ ಮೊಣಕಾಲ ಕೊಟ್ಟು, ಹೆಗಲಿಗೆ ಹೆಗಲ ಕೊಟ್ಟು ದೂಡಾಕತ್ರು. ತಮ್ಮ ಸೀಟಿನ ಕಬ್ಬಿಣದ ಪೈಪು ಬಾಗೇತಿ, ಇಬ್ಬರೂ ಅದರಾಗ ಸಿಕ್ಕೊಂಡ್ರು. ಮಂದಿಗೆ ತಿಳೀಲೇ ಇಲ್ಲ. ಯಾರೋ ಇಬ್ಬರು ಸಿಟ್ಟಿಲೆ ಕುಂತಾರ ಅನ್ಕೊಂಡ್ರು. ಬನಹಟ್ಟಿ ಬಂತು. 'ಇಳೀರಿ ಪೈಲ್ವಾನ್ರ' ಅಂದೆ. ಹಣಮಪ್ಪ ಹಲ್ಲ ಕಚ್ಚಿ, 'ಮುಧೋಳಕ್ಕ ಟಿಕೀಟ ಕೊಡು' ಅಂದ."

ಮಾಸ್ತರ ಕಣ್ಣು ಕಿರಿದು ಮಾಡಿದ.

"ಮುಧೋಳ ಡಿಪೋದಾಗ ಮಂದಿ ಎಲ್ಲಾ ಇಳದ ಮ್ಯಾಲ ಡ್ರೈವರ್, ಮೆಕ್ಯಾನಿಕ್, ನಾನು ಮೂರ ಮಂದಿ ನಟ್ಟ ಬಿಚ್ಚಿ ಸೀಟನ್ನ ಹೊರಗ ಇಳಿಸಿದಿವಿ, ಪೈಲ್ವಾನರ ಸಮೇತ. ಪೈಪಿಗೆ ಒಂದ ಹತೋಡಿ ಏಟ ಬಿತ್ತು. ಇಬ್ಬರೂ ಧಬಕ್ಕನ ನೆಲಕ್ಕ! ನಾಕೂ ಭುಜ ಒಂದ ಸಲಕ್ಕ. ಬರೋಬ್ಬರಿ ಚಿತ್. ಹಣಮಪ್ಪ ಮಲಕೊಂಡೇ ಅಂದ, 'ಬಿದ್ರೂ ಮೀಸಿಗೆ ಮಣ್ಣ ಹತ್ತಿಲ್ಲ ನೋಡು.' ತುಕಾರಾಮ ಅಂದ, 'ಮಣ್ಣ ಎಲ್ಲಿದೋ ಮಾರಾಯ, ಗ್ರೀಸ್ ಹತ್ತೇತಿ.' ಇಬ್ಬರೂ ನಗಾಕತ್ರು. ನಕ್ಕರ ನಡಾ ನೋಯತೈತಿ, ನೋಯ್ತು ಅಂತ ಒದರತಾರ, ಒದರಿ ಮತ್ತ ನಗತಾರ. ಎದ್ದು ನಿಲ್ಲಾಕ ಒಬ್ಬರ ಕೈ ಒಬ್ಬರು ಹಿಡಕೊಂಡ್ರು. ಎರಡ ತಿಂಗಳು ಇಬ್ಬರಿಗೂ ಬಗ್ಗಾಕ ಆಗಲಿಲ್ಲ. ಕುಸ್ತಿ ಎಲ್ಲಿಂದ ಆಗಬೇಕು? ಯಾರಿಗೂ ಹೇಳಬ್ಯಾಡ ಅಂತ ಕೈ ಮುಗದ್ರು, ನಾ ಹೇಳಲಿಲ್ಲ. ಯಾರೂ ಹೆದರಿಲ್ಲ, ಯಾರೂ ಓಡಿಲ್ಲ. ಇನ್ನ ಜಗಳ ಬಿಡ್ರಿ."

ಹೇಳಿ ಮುಗಿಸಿದ ಲಗಮಪ್ಪನಿಗೆ ಮೈ ಹಗುರಾಯಿತು. ಈಗ ನಗುತ್ತಾರೆ, ಈಗ ತಬ್ಬಿಕೊಳ್ಳುತ್ತಾರೆ ಎಂದು ಇಬ್ಬರ ಮುಖ ನೋಡಿದ.

"ನಮ್ಮ ಹಣಮಪ್ಪ," ಎಂದ ಸಾವ್ಕಾರ ಮೆಲ್ಲಗೆ, "ಬಸ್ಸಿನ ಸೀಟಿನ್ಯಾಗ ಸಿಕ್ಕೊಂಡ?"

"ನಮ್ಮ ತುಕಾರಾಮ," ಎಂದ ಮಾಸ್ತರ, "ನೊಣಕ್ಕ ಮೋಸ ಹ್ವಾದ?"

"ಡ್ರೈವರ್ ಎಲ್ಲಿ?" ಸಾವ್ಕಾರ ಕೇಳಿದ.

"ಸತ್ತಾನ."

"ಮೆಕ್ಯಾನಿಕ್?"

"ಅವನೂ ಸತ್ತಾನ."

"ಭಾಳ ಛಲೋ ಆತು!" ಸಾವ್ಕಾರ ಎದ್ದು ನಿಂತ. "ಸಾಕ್ಷಿ ಎಲ್ಲಾ ಸತ್ತ ಮ್ಯಾಲ ಕತಿ ಕಟ್ಟಾಕತ್ತಾನ. ಕೇಳಿದ್ರೇನ್ರಿ ಮಾಸ್ತರ?"

"ಕೇಳಿದೆ, ಸಾವ್ಕಾರ. ಅಂಥಾ ಪೈಲ್ವಾನರನ್ನ ಸಾಮಾನಿನಂಗ ಬಸ್ಸಿನಿಂದ ಇಳಿಸಿದ್ನಂತ! ಹುಲಿ ಇದ್ದಂಗಿದ್ರು ಇಬ್ಬರೂ."

"ಇಬ್ಬರೂ," ಎಂದ ಸಾವ್ಕಾರ. "ನಿಮ್ಮ ತುಕಾರಾಮನೂ ಹುಲೀನ ಬಿಡ್ರಿ. ನಾ ಎಂದಾದ್ರೂ ಇಲ್ಲ ಅಂದೇನೇನು? ನಡೀರಿ, ಇಂಥಾವನ ಜೋಡಿ ಕುಂಡ್ರಬಾರದು."

ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಹೋದರು. ಲಗಮಪ್ಪ ಬಯಸಿದ್ದು ಅದನ್ನೇ. ಅವನ ಮುಂದೆಯೇ, ಅವನನ್ನು ಬಿಟ್ಟು ಅದು ಆಯಿತು. ಎರಡು ದಿನಕ್ಕೆ ಕಾಶಪ್ಪ ಇನ್ನೊಂದು ಸುದ್ದಿ ಕೊಟ್ಟ. 'ಚಹಾ ಬಳಗ ಎರಡು' ಎಂಬ ಹೊಸ ಗುಂಪು ಶುರುವಾಗಿದೆಯಂತೆ. ಸದಸ್ಯರು ಇಬ್ಬರೇ. ಇಬ್ಬರೂ ಎದುರುಬದುರು ಕುಳಿತೇ ಒಬ್ಬರಿಗೊಬ್ಬರು ಗುಲಾಬಿ ಹೂವು ಕಳಿಸುತ್ತಾರಂತೆ.

ಎಂಟು ದಿನ ಲಗಮಪ್ಪ ಮನೆ ಬಿಟ್ಟು ಹೊರಬೀಳಲಿಲ್ಲ. ಡಬ್ಬಿಗಳನ್ನೂ ಮುಟ್ಟಲಿಲ್ಲ. ಇಡೀ ಸೇವೆಯಲ್ಲಿ ಒಬ್ಬ ಪ್ಯಾಸೆಂಜರ್‌ಗೂ ಸುಳ್ಳು ಹೇಳದವನು ಈಗ ಸುಳ್ಳುಬುರುಕ! ಅವನಿಗೆ ಸಿಟ್ಟು ಬಂತು, ಆಮೇಲೆ ಅಳು ಬಂತು. ಇಂದ್ರವ್ವ ಪಕ್ಕದಲ್ಲಿ ಬಂದು ಕುಳಿತಳು.

"ಖರೆ ಬೇಕೇನ್ರಿ ನಿಮಗ, ಗೆಳ್ಯಾರು ಬೇಕೇನ್ರಿ?"

"ಎರಡೂ ಬೇಕು."

"ಎರಡೂ ಸಿಗೋಹಂಗಿದ್ರ ನಾ ಯಾಕ ಕೇಳತಿದ್ದೆ?"

ಮರುದಿನ ಮುಂಜಾನೆ ಲಗಮಪ್ಪ ಕಾಶಪ್ಪನ ಅಂಗಡಿಗೆ ಹೋಗಿ ಬಾಗಿಲಲ್ಲೇ ನಿಂತ. ಒಳಗೆ ಇಬ್ಬರೂ ಇದ್ದರು. ಅವನನ್ನು ಕಂಡು ಮಾತು ನಿಲ್ಲಿಸಿದರು. ಮಾಸ್ತರ ಸಾಲೆಯಲ್ಲಿ ಹುಡುಗರನ್ನು ನೋಡುತ್ತಿದ್ದ ಕಣ್ಣಿನಿಂದಲೇ ನೋಡಿದ.

"ಮಹಾಲಿಂಗನ ಆಣಿ ಮಾಡಿ ಹೇಳು ಲಗಮಪ್ಪ. ಅವತ್ತ ಹೇಳಿದ್ದು ಸುಳ್ಳೋ ಖರೇನೋ?"

ಲಗಮಪ್ಪ ಅವರಿಬ್ಬರನ್ನೂ ನೋಡಿದ. ಮಾಸ್ತರನ ಕೈ ಈಗೀಗ ನಡುಗುತ್ತಿತ್ತು. ಬಸಿಯಲ್ಲಿ ಚಹಾ ಚೆಲ್ಲಿತ್ತು. ಸಾವ್ಕಾರನಿಗೆ ಹೊಸ ಹಲ್ಲು ಇನ್ನೂ ಒಗ್ಗಿರಲಿಲ್ಲ. ಭಜಿಯನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದ. ಆ ಖರೆ ಸತ್ತವರಿಬ್ಬರಿಗೂ ಬೇಡವಾಗಿತ್ತು, ಇರುವವರಿಬ್ಬರಿಗೂ ಬೇಡವಾಗಿದೆ. ಯಾರಿಗೂ ಬೇಡದ್ದನ್ನು ತಾನೊಬ್ಬನೇ ಇಟ್ಟುಕೊಂಡು ಏನು ಮಾಡಬೇಕು?

"ಮಹಾಲಿಂಗನ ಆಣಿ," ಎಂದ. "ಸುಳ್ಳ ಹೇಳಿದ್ದೆ."

"ಹಾಂಗ ಬಾ ದಾರಿಗೆ!" ಸಾವ್ಕಾರ ಸರಿದು ಜಾಗ ಮಾಡಿದ. "ಕಾಶಪ್ಪಾ, ಇವಗೊಂದ ಚಹಾ ಕೊಡೋ."

ಲಗಮಪ್ಪ ಕುಳಿತ. ಮಾಸ್ತರ ಮತ್ತೆ ತುಕಾರಾಮನ ಪಟ್ಟು ಹೇಳಲು ಶುರು ಮಾಡಿದ, ಸಾವ್ಕಾರ ಮತ್ತೆ ಹಣಮಪ್ಪನ ಹಾಲು ಹೇಳಿದ. ಪಟ್ಟು ಮಾಡಿ ತೋರಿಸಲು ಮಾತ್ರ ಇಬ್ಬರೂ ಕೈ ಮುಂದೆ ಮಾಡಲಿಲ್ಲ. ಬಹಳ ಹೊತ್ತಿನ ಮೇಲೆ ಮಾಸ್ತರ ದಣಿದು ಲಗಮಪ್ಪನ ಕಡೆ ತಿರುಗಿದ.

"ನೀ ಏನಂತಿ? ಆ ಕುಸ್ತಿ ಆಗಿದ್ರ?"

ಡಿಪೋದ ನೆಲದ ಮೇಲೆ ಅಂಗಾತ ಬಿದ್ದು, ನಡ ಹಿಡಿದುಕೊಂಡು, ಒಬ್ಬರ ಕೈ ಒಬ್ಬರು ಹಿಡಿದು ನಗುತ್ತಿದ್ದ ಆ ಇಬ್ಬರು ಲಗಮಪ್ಪನ ಕಣ್ಣೆದುರಿಗೆ ಬಂದರು.

"ಒಂದ ಸಲ ನೋಡಬೇಕಿತ್ರಿ ಮಾಸ್ತರ," ಎಂದ. "ಅದನ್ನ ಕಣ್ಣಿಲೆ ನೋಡಬೇಕಿತ್ತು."

"ಖರೆ ಮಾತು," ಎಂದ ಸಾವ್ಕಾರ. ತನ್ನ ಭಜಿಯಲ್ಲಿ ಅರ್ಧ ಮುರಿದು ಲಗಮಪ್ಪನ ಬಸಿಯಲ್ಲಿಟ್ಟ. "ನಮ್ಮ ಮೂವರ ನಸೀಬದಾಗೂ ಅದು ಇರಲಿಲ್ಲ ನೋಡಪಾ."